ಗುಡಿ ಮುಂದ ಭಜನಿ, ಸಾಲಿ ಮುಂದ ರಸಮಂಜರಿ

2022ರ ಮಾರ್ಚ್ ಕೊನೆಯ ವಾರ ಊರಿಂದ ಕಾಕಾನ ಫೋನ್ ಬಂತು. ಕಾಕಾ ನಮ್ಮೂರ ಜಾತ್ರಾ ಕಮಿಟಿಯ ಹಿರಿಯ. ಅವನ ಫೋನ್ ಯಾವ ತಿಂಗಳು ಬಂತು ಅನ್ನೋದರ ಮೇಲೇ ವಿಷಯ ಏನಂತ ಹೇಳಬಹುದು. ಜೂನ್‌ನಲ್ಲಿ ಬಂದರೆ ಬೀಜ-ಗೊಬ್ಬರ, ಡಿಸೆಂಬರಿನಲ್ಲಿ ಬಂದರೆ ಯಾರದೋ ಮದುವೆಯ ಮಾತು, ಮಾರ್ಚಿನಲ್ಲಿ ಬಂದರೆ ಜಾತ್ರೆಯ ಪಟ್ಟಿ.

“ಎರಡು ವರ್ಷ ದೇವರ ತೇರು ಹೊರಗ ಬಂದಿಲ್ಲ ತಮ್ಮಾ. ಕೊರೊನಾದಾಗ ಎಲ್ಲಾ ಬಂದಾಗಿ ಹೋಯ್ತು. ಈ ಸಲ ಜೋರ್ ಮಾಡಮ್ ಅಂತ ಎಲ್ಲರೂ ಅಂದಾರ. ದೊಡ್ಡ ರಸಮಂಜರಿ ತರಸ್ಲಾಕತ್ತೀವಿ. ನಿನ್ನ ಹೆಸರಿಗಿ ಎಷ್ಟು ಬರೀಲಿ?”

“ಹತ್ತು ಸಾವಿರ ಬರಿ ಕಾಕಾ” ಅಂದೆ. ಬೆಂಗಳೂರಲ್ಲಿ ಕೂತು ಹತ್ತು ಸಾವಿರ ಅನ್ನುವಾಗ ಬಾಯಿಗೆ ಭಾರ ಅನಿಸುವುದಿಲ್ಲ. ಊರಲ್ಲಿ ಅದೇ ಮಾತು ಬಹಳ ದೊಡ್ಡದಾಗಿ ಕೇಳಿಸುತ್ತದೆ. ಕಾಕಾ ಒಂದು ಕ್ಷಣ ಸುಮ್ಮನಿದ್ದು, “ಹಂಗಾದ್ರ ಫ್ಲೆಕ್ಸಿನ್ಯಾಗ ಫೋಟೋ ಹಾಕಸ್ತೀನಿ. ಕೋಟ್ ಹಾಕ್ಕೊಂಡಿದ್ದು ಒಂದು ಕಳಸು” ಅಂದ. ಕಳಿಸಿದೆ. ಈ ಲೇಖನದಲ್ಲಿ ನಾನು ಒಪ್ಪಿಕೊಳ್ಳಬೇಕಾದ ಮೊದಲ ತಪ್ಪು ಅದೇ. ಕೋಟ್ ಹಾಕಿಕೊಂಡು ತೆಗೆಸಿದ ಫೋಟೋ ಹುಡುಕಿ, ಅದರಲ್ಲಿ ಚೆನ್ನಾಗಿ ಬಂದದ್ದನ್ನೇ ಆರಿಸಿ ಕಳಿಸಿದೆ.

ನಮ್ಮೂರು ಸುರಪುರ ತಾಲ್ಲೂಕಿನ ಒಂದು ಹಳ್ಳಿ. ಸುರಪುರ ಪಟ್ಟಣದ ದೊಡ್ಡ ಜಾತ್ರೆ ವೇಣುಗೋಪಾಲಸ್ವಾಮಿಯದು. ಅದು ಮಳೆಗಾಲದಲ್ಲಿ, ಕೃಷ್ಣಾಷ್ಟಮಿಯ ಹೊತ್ತಿಗೆ ಬರುತ್ತದೆ. ಜಾರುವ ಎತ್ತರದ ಕಂಬ ಹತ್ತುವುದನ್ನು ನೋಡಲು ಸುತ್ತಲಿನ ಊರವರೆಲ್ಲ ಅಲ್ಲಿ ಸೇರುತ್ತಾರೆ. ನಮ್ಮ ಹನುಮಪ್ಪ ಮಾತ್ರ ಬೇಸಿಗೆಯ ದೇವರು. ದವನದ ಹುಣ್ಣಿಮೆಗೆ ತೇರು. ಆ ವರ್ಷ ಏಪ್ರಿಲ್ 16, ಶನಿವಾರ. ಹೊಲದಲ್ಲಿ ಕೆಲಸ ಇಲ್ಲದ, ಸಾಲಿಗೆ ರಜೆ ಇರುವ, ಮನೆಯೊಳಗೆ ಮಲಗಲು ಆಗದ ಕಾಲ. ಹಗಲೆಲ್ಲ ಬೆಂಕಿ ಕಾರಿದ ಕಲ್ಲುಗುಡ್ಡಗಳು ರಾತ್ರಿ ಹನ್ನೊಂದಾದರೂ ಕಾವು ಬಿಡುವುದಿಲ್ಲ. ಹೀಗಾಗಿ ನಮ್ಮ ಕಡೆ ಬೇಸಿಗೆಯ ರಾತ್ರಿ ಅಂದರೆ ಊರಿಗೆ ಊರೇ ಹೊರಗಿರುತ್ತದೆ. ಹಾಡು, ಆಟ, ನಾಟಕ ಎಲ್ಲ ಬಯಲಲ್ಲಿ ಆಗುವುದಕ್ಕೆ ದೇವರೆಷ್ಟು ಕಾರಣವೋ ಶೆಕೆಯೂ ಅಷ್ಟೇ ಕಾರಣ.

ರಾತ್ರಿ ಬಸ್ಸು ಬೆಳಗಿನ ಜಾವ ತಿಂಥಣಿ ಬ್ರಿಜ್ಜಿಗೆ ಬಂದಾಗ ಎಚ್ಚರಾಯಿತು. ಕೃಷ್ಣೆಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು ಕಾಣುತ್ತಿತ್ತು. ಬಸ್ಸಿನ ತುಂಬ ಬೆಂಗಳೂರಿನ ಕಟ್ಟಡ ಕೆಲಸದವರು, ಮಡಿಲಲ್ಲಿ ಮಕ್ಕಳು, ಕಾಲ ಬಳಿ ಗಂಟು. ಹೆಚ್ಚಿನವರು ಒಂದಲ್ಲ ಒಂದು ಊರಿನ ಜಾತ್ರೆಗೇ ಹೊರಟವರು. ಸುರಪುರ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಟಂಟಂ ಹುಡುಕುವಾಗ ಎದುರಿಗೇ ನಮ್ಮ ಜಾತ್ರೆಯ ಫ್ಲೆಕ್ಸು. ನಡುವೆ ಹನುಮಪ್ಪ, ಬಲಕ್ಕೆ ಪುನೀತ್ ರಾಜಕುಮಾರ್, ಕೆಳಗೆ ಕಡ್ಲಿಕಾಳಿನಷ್ಟು ಸಣ್ಣ ಸಣ್ಣ ಮುಖಗಳ ಸಾಲು. ಅದರಲ್ಲಿ ಕೋಟ್ ಹಾಕಿದ್ದು ನಾನೊಬ್ಬನೇ. ‘ರಾತ್ರಿ 9 ಗಂಟೆಗೆ ಭವ್ಯ ರಸಮಂಜರಿ’ ಅಂತ ಹಳದಿ ಅಕ್ಷರ. ಎಲ್ಲಕ್ಕಿಂತ ಕೆಳಗೆ, ಪ್ರಿಂಟ್ ಹಾಕಿದವರ ಫೋನ್ ನಂಬರಿನ ಮೇಲೆ, ಅದರಷ್ಟೇ ಸಣ್ಣಗೆ: ‘ದೇವಸ್ಥಾನದಲ್ಲಿ ಅಹೋರಾತ್ರಿ ಭಜನೆ’.

ಆ ಭಜನೆಯಲ್ಲಿ ಪೇಟಿ ಬಾರಿಸುವವನು ನಮ್ಮಪ್ಪ.

*

ರಸಮಂಜರಿ ಅಂದರೇನು ಅಂತ ದಕ್ಷಿಣದ ಗೆಳೆಯರು ಕೇಳುತ್ತಾರೆ. ಆರ್ಕೆಸ್ಟ್ರಾ. ಅಷ್ಟೇ ಅಂದರೆ ಅಷ್ಟೇ. ಒಂದು ಕೀಬೋರ್ಡು, ಒಂದು ರಿದಮ್ ಪ್ಯಾಡು, ಢೋಲಕ್, ಇಬ್ಬರು ಗಂಡು ಗಾಯಕರು, ಒಬ್ಬ ಗಾಯಕಿ, ಸಿನಿಮಾ ನಟರ ಹಾಗೆ ವೇಷ ಹಾಕಿ ಕುಣಿಯುವ ಒಬ್ಬಿಬ್ಬರು, ನಗೆಹನಿ ಹೇಳುವ ಒಬ್ಬ ನಿರೂಪಕ. ಆದರೆ ಅದನ್ನು ನೋಡಲು ಬರುವವರು ಟಿಕೆಟ್ ಕೊಳ್ಳುವುದಿಲ್ಲ. ಊರು ಪಟ್ಟಿ ಎತ್ತಿ ಕರೆಸುತ್ತದೆ. ಹಾಗಾಗಿ ಯಾರು ಬೇಕಾದರೂ ಯಾವಾಗ ಬೇಕಾದರೂ ಬಂದು ತಾಡಪಾಲು ಹಾಸಿ ಕೂಡಬಹುದು, ಮಲಗಬಹುದು, ಎದ್ದು ಮಿರ್ಚಿ ಭಜಿ ತಿಂದು ಬರಬಹುದು.

ನಮ್ಮೂರಿಗೆ ಮೊದಲ ರಸಮಂಜರಿ ಬಂದದ್ದು 1997ರ ಬೇಸಿಗೆಯಲ್ಲಿ. ನಾನು ಆರನೇ ಇಯತ್ತೆ. ಅದಕ್ಕೂ ಮುಂಚೆ ಜಾತ್ರೆಯ ರಾತ್ರಿ ಅಂದರೆ ಒಂದು ವರ್ಷ ಬಯಲಾಟ, ಒಂದು ವರ್ಷ ನಾಟಕ, ಮತ್ತು ಎಲ್ಲಾ ವರ್ಷ ಭಜನೆ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ನಮ್ಮ ಸೀಮೆಗೆ ಬಂದ ಮೇಲೆ ಜೋಳ, ಸಜ್ಜೆ, ಶೇಂಗಾ ಬೆಳೆಯುತ್ತಿದ್ದ ಎಷ್ಟೋ ಹೊಲ ಭತ್ತದ ಗದ್ದೆಯಾದವು. ನೀರು ಹತ್ತಿದ ಹೊಲದವರ ಕೈಯಲ್ಲಿ ಬೇಸಿಗೆಗೂ ನಾಲ್ಕು ಕಾಸು ಉಳಿಯತೊಡಗಿತು. ನಮ್ಮೂರಿಗೆ ಮೊದಲ ಟ್ರ್ಯಾಕ್ಟರು ಬಂದದ್ದೂ ಮೊದಲ ರಸಮಂಜರಿ ಬಂದದ್ದೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ. ಸ್ಟೇಜು ಕಟ್ಟಿದ್ದೂ ಆ ಟ್ರ್ಯಾಕ್ಟರಿನ ಟ್ರೇಲರ್ ಮೇಲೆಯೇ.

ಅವತ್ತು ಅಪ್ಪ ನನ್ನನ್ನು ಭಜನೆಯಲ್ಲಿ ತಾಳ ಹಾಕಲು ಕೂರಿಸಿದ್ದ. ದೂರದಿಂದ ‘ಜನುಮದ ಜೋಡಿ’ ಸಿನಿಮಾದ ಹಾಡು ಕೇಳಿತು. ಆ ವರ್ಷ ಆ ಹಾಡುಗಳು ಕೇಳದ ಹೋಟೆಲ್ಲು ನಮ್ಮ ತಾಲ್ಲೂಕಿನಲ್ಲಿ ಇರಲಿಲ್ಲ. ಕ್ಯಾಸೆಟ್ಟಿನಲ್ಲಿ ನೂರು ಸಲ ಕೇಳಿದ ಹಾಡನ್ನು ಒಬ್ಬ ಮನುಷ್ಯ ನಮ್ಮೂರಲ್ಲೇ ನಿಂತು ಹಾಡುತ್ತಿದ್ದಾನೆ ಅನ್ನುವುದು ನನಗೆ ತಡೆಯಲಿಕ್ಕಾಗಲಿಲ್ಲ. ತಾಳ ಕೆಳಗಿಟ್ಟು, ಒಂದಕ್ಕೆ ಹೋಗಿ ಬರುತ್ತೇನೆ ಅಂತ ಕಿರುಬೆರಳು ತೋರಿಸಿ ಎದ್ದವನು ಬೆಳಗಾದರೂ ತಿರುಗಿ ಬರಲಿಲ್ಲ. ಮರುದಿನ ಅಪ್ಪ ಬೈಯಲಿಲ್ಲ. “ಛಲೋ ಹಾಡಿದ್ರೇನು?” ಅಂತಷ್ಟೇ ಕೇಳಿದ. ಅದಾದ ಮೇಲೆ ನನ್ನ ಕೈಗೆ ತಾಳ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಜೋರು ದನಿ ಕಂಡರೆ ಮೂಗು ಮುರಿಯುವವನು ನಾನಲ್ಲ ಅಂತ ಹೇಳಲಿಕ್ಕೆ ಇದನ್ನೆಲ್ಲ ಬರೆದೆ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ ನಾನು ಜನರ ನಡುವೆ ನಿಂತಿದ್ದೆ. ಆಗಷ್ಟೇ ಬೆಂಗಳೂರು ಸೇರಿದ್ದೆ, ಗೆಳೆಯನೊಬ್ಬ ಎಳೆದುಕೊಂಡು ಹೋಗಿದ್ದ. ಅವರ ಹಾಡಿನ ಒಂದು ಶಬ್ದವೂ ನನಗೆ ಗೊತ್ತಿರಲಿಲ್ಲ. ಡ್ರಮ್ಮಿನ ಏಟು ಕಿವಿಗಿಂತ ಮೊದಲು ಎದೆಗೆ ಬಡಿಯಿತು. ಪಕ್ಕದ ಹುಡುಗರು ಕೂದಲು ಬೀಸಿ ತಲೆ ಕುಣಿಸುತ್ತಿದ್ದರು. ನನಗೆ ಟ್ರ್ಯಾಕ್ಟರಿನ ಟ್ರೇಲರ್ ನೆನಪಾಗಿ ಗಂಟಲು ಕಟ್ಟಿತು. ಅದೇ ಬೆಂಗಳೂರಲ್ಲಿ ಬೇಸಿಗೆಗೆ ಇನ್ನೊಂದು ಸಂಗೀತವೂ ಇದೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿಯವರು ರಾಮನವಮಿಗೆ ಪೆಂಡಾಲು ಹಾಕಿ ನಡೆಸುವ ಕಛೇರಿಗಳು. 1939ರಲ್ಲಿ ಶುರುವಾದದ್ದು. ನಾನು ಹೋಗಿ ಕೂತ ಸಂಜೆ, ರಸ್ತೆಯ ಹಾರ್ನಿನ ನಡುವೆಯೇ ವೀಣೆ ನುಡಿಸುತ್ತಿದ್ದರು. ಹಾರ್ನು ಬಂದಾಗ ಕೇಳುವವರು ಸ್ವಲ್ಪ ಮುಂದಕ್ಕೆ ಬಾಗುತ್ತಿದ್ದರು. ಆ ಬಾಗುವುದನ್ನು ನೋಡಿದಾಗ ಮಾತ್ರ ನಮ್ಮ ಗುಡಿಯ ಭಜನೆ ನೆನಪಾಗಿತ್ತು. ನೆನಪಾಗಿ ಮರೆತೂ ಹೋಗಿತ್ತು.

*

ಅವತ್ತು ಸಂಜೆ ತೇರು ಎಳೆದಾಯಿತು. ಎರಡು ವರ್ಷ ನಿಂತಲ್ಲೇ ನಿಂತ ತೇರಿನ ಗಾಲಿ ಕಿರ್ರೆಂದು ಒದರಿ, ಕೊನೆಗೆ ಉರುಳಿದಾಗ ಮುದುಕಿಯರು ಅತ್ತೇಬಿಟ್ಟರು. ಹೋದ ಜಾತ್ರೆಗೆ ಇದ್ದು ಈ ಜಾತ್ರೆಗೆ ಇಲ್ಲದವರು ಪ್ರತಿ ಓಣಿಯಲ್ಲೂ ಇದ್ದರು. ಎಸೆದ ಉತ್ತತ್ತಿ ಆಯ್ದುಕೊಳ್ಳುವ ಹುಡುಗರಿಗೆ ಅದೇನೂ ಇರಲಿಲ್ಲ.

ಸಾಲಿಯ ಮೈದಾನದಲ್ಲಿ ಸ್ಟೇಜು ಸಿದ್ಧವಾಗಿತ್ತು. ಎರಡೂ ಬದಿಗೆ ಒಂದರ ಮೇಲೊಂದು ಪೇರಿಸಿದ ಸೌಂಡ್ ಬಾಕ್ಸುಗಳು, ಆಳೆತ್ತರಕ್ಕಿಂತ ಹೆಚ್ಚು. ಹಿಂದೆ ಎಲ್‌ಇಡಿ ಪರದೆ, ಪಕ್ಕದಲ್ಲಿ ಜನರೇಟರು. ಸಾಲಿಗೂ ಹನುಮಪ್ಪನ ಗುಡಿಗೂ ನಡುವೆ ಇನ್ನೂರು ಹೆಜ್ಜೆ ಇರಬಹುದು. ಬಾಕ್ಸಿನ ಮುಖ ಊರ ಕಡೆ, ಅಂದರೆ ಗುಡಿ ಕಡೆ. ಅದನ್ನು ಯಾರೂ ಬೇಕಂತ ಮಾಡಿದ್ದಲ್ಲ. ಜನ ಆ ಕಡೆಯಿಂದ ಬರುತ್ತಾರೆ, ಅದಕ್ಕೆ.

ಗಣಪತಿಯ ಹಾಡು ಮೊದಲು. ಆಮೇಲೆ ಗದುಗಿನ ಪುಟ್ಟರಾಜ ಗವಾಯಿಗಳ ಮೇಲೊಂದು ಹಾಡು. ನಮ್ಮ ಕಡೆ ಪೇಟಿ, ತಬಲಾ ಮುಟ್ಟುವವರು ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಕೈಮುಗಿಯದೆ ಶುರು ಮಾಡುವುದು ಕಡಿಮೆ, ಅದು ಗುಡಿಯಾದರೂ ಸೈ, ಜೀನ್ಸ್ ಪ್ಯಾಂಟಿನ ಸ್ಟೇಜಾದರೂ ಸೈ. ಮೂರನೇ ಹಾಡಿನಿಂದ ನಿರೂಪಕನ ಕೆಲಸ ಚುರುಕಾಯಿತು. ಹಾಡಿನ ನಡುವೆ ಚೀಟಿ ಬರುತ್ತವೆ. ಮ್ಯೂಜಿಕ್ಕು ಸಣ್ಣದಾಗುತ್ತದೆ. “ಈ ಹಾಡಿಗೆ ಮೆಚ್ಚಿ ನೂರಾ ಒಂದು ರೂಪಾಯಿ ಕಾಣಿಕೆ ಕೊಟ್ಟಂಥವರು...” ಅಂತ ಹೆಸರು, ತಂದೆಯ ಹೆಸರು, ಓಣಿ, ಗೆಳೆಯರ ಬಳಗ. ಮತ್ತೆ ಹಾಡು ಎಲ್ಲಿ ಬಿಟ್ಟಿತ್ತೋ ಅಲ್ಲಿಂದ. ಹೊಸಬರಿಗೆ ಇದು ಕಿರಿಕಿರಿ. ನಮಗೆ ಅದೂ ಹಾಡಿನ ಭಾಗವೇ. ಎರಡು ವರ್ಷ ಕೆಲಸ ಇಲ್ಲದೆ ಊರಲ್ಲಿ ಕೂತ ಹುಡುಗನಿಗೆ ಮೈಕಿನಲ್ಲಿ ತನ್ನ ಹೆಸರು ಕೇಳಲು ನೂರಾ ಒಂದು ರೂಪಾಯಿ ಜಾಸ್ತಿಯೇನಲ್ಲ. ನಾನು ಹತ್ತು ಸಾವಿರಕ್ಕೆ ಕೊಂಡದ್ದೂ ಅದನ್ನೇ ಅಲ್ಲವೇ?

ಹತ್ತೂವರೆಗೆ ಗಾಯಕಿ ‘ರಾಜಕುಮಾರ’ ಸಿನಿಮಾದ ಹಾಡು ಎತ್ತಿದಳು. ಪುನೀತ್ ತೀರಿಕೊಂಡು ಆರು ತಿಂಗಳೂ ಆಗಿರಲಿಲ್ಲ. ಪರದೆಯ ಮೇಲೆ ಅವನ ನಗುಮುಖ ಬಂತು. ಯಾರೂ ಹೇಳದೆ ಮೈದಾನದ ತುಂಬ ಮೊಬೈಲಿನ ಬೆಳಕು ಎದ್ದವು. ನನ್ನ ಪಕ್ಕ ತಾಡಪಾಲಿನ ಮೇಲೆ ಕೂತಿದ್ದ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೌದು, ಅವ್ವ ರಸಮಂಜರಿಗೇ ಬಂದಿದ್ದಳು. ನನಗೆ ನಗು ಬಂತು. “ಅಲ್ಲಿ ಅಪ್ಪ ಪೇಟಿ ಬಾರಸ್ಲಾಕತ್ತಾನ, ನೀ ಇಲ್ಲಿ ಕುಂತಿ?” ಅಂದೆ.

“ನಿಮ್ಮಪ್ಪನ ಪೇಟಿ ಮೂವತ್ತೈದು ವರ್ಷದಿಂದ ಮನ್ಯಾಗ ಕೇಳ್ಲಾಕತ್ತೀನಿ. ಭಜನ್ಯಾಗ ಹೆಣ್ಮಕ್ಕಳಿಗಿ ಎಲ್ಲಿ ಜಾಗಾ ಅದ ಹೇಳು? ಕಂಬದ ಹಿಂದ ಕುಂಡರಬೇಕು, ಬೆನ್ನ ನೋಡ್ಕೋತ. ಇಲ್ಲಿ ನೋಡು, ಕಾಲ ಚಾಚಿ ಕುಂತೀನಿ. ಹಾಡ್ಲಾಕತ್ತಾಕಿನೂ ಹೆಣ್ಮಗಳೇ ಅದಾಳ.”

ನನ್ನ ಬಳಿ ಉತ್ತರ ಇರಲಿಲ್ಲ. ಭಜನೆ ಒಳ್ಳೆಯದು, ಆರ್ಕೆಸ್ಟ್ರಾ ಕೆಟ್ಟದ್ದು ಅಂತ ಬರೆಯಲು ಹೊರಟವರು ಒಮ್ಮೆ ನಮ್ಮವ್ವನ ಪಕ್ಕ ಕೂತು ಬರಬೇಕು. ಆಮೇಲೆ ಅವಳೇ ಅಂದಳು: “ನೀ ಹೋಗು. ಒಬ್ಬರರೇ ಹೋಗ್ಬೇಕಲ್ಲ. ಹೋಗಮುಂದ ಚಾ ಒಯ್ಯಿ.”

*

ಹನ್ನೊಂದು ಗಂಟೆಗೆ ಚಾದ ಥರ್ಮಾಸು ಹಿಡಿದು ಗುಡಿಗೆ ಹೋದೆ.

ಗುಡಿಯ ಕಟ್ಟೆಯ ಮೇಲೆ ಹನ್ನೆರಡು ಮಂದಿ. ಒಂದು ಪೇಟಿ, ತಬಲಾ, ಎರಡು ದಮ್ಮಡಿ, ಒಂದು ಏಕತಾರಿ, ತಾಳ. ಮೈಕಿಲ್ಲ. ಕಡಕೋಳ ಮಡಿವಾಳಪ್ಪನ ಪದ ನಡೆದಿತ್ತು. ಈ ಸಗರನಾಡಿನ, ಜೇವರ್ಗಿ ಸೀಮೆಯ ಭಜನೆಯವರಿಗೆ ಮಡಿವಾಳಪ್ಪ, ಅವನ ಶಿಷ್ಯ ಚನ್ನೂರ ಜಲಾಲಸಾಹೇಬ, ತಿಂಥಣಿಯ ಮೋನಪ್ಪಯ್ಯ ಎಲ್ಲರೂ ಮನೆ ಹಿರಿಯರಿದ್ದ ಹಾಗೆ. ಪುಸ್ತಕ ನೋಡಿ ಹಾಡುವವರು ಕಡಿಮೆ. ಒಬ್ಬ ಒಂದು ನುಡಿ ಎತ್ತುತ್ತಾನೆ, ಉಳಿದವರು ಹಿಂಬಾಲಿಸುತ್ತಾರೆ, ಮರೆತರೆ ಇನ್ನೊಬ್ಬ ಎತ್ತಿಕೊಡುತ್ತಾನೆ.

ಹಾಡುತ್ತಿದ್ದರು ಅಂತ ಹೇಳಿದೆ. ಖರೇ ಹೇಳಬೇಕೆಂದರೆ ಬಾಯಿ ಆಡುವುದು ಕಾಣುತ್ತಿತ್ತು. ಸಾಲಿ ಕಡೆಯಿಂದ ಬರುವ ಬೇಸಿನ ಏಟಿಗೆ ಗುಡಿಯ ಬಾಗಿಲಿನ ಗಂಟೆಯ ಸರಪಳಿ ಸಣ್ಣಗೆ ನಡುಗುತ್ತಿತ್ತು. ನಾನು ಅಪ್ಪನ ಹಿಂದೆ ಹೋಗಿ ಕೂತೆ. ಅಷ್ಟು ಹತ್ತಿರ ಕೂತರೆ ಮಾತ್ರ ಪೇಟಿ ಕೇಳುತ್ತಿತ್ತು.

ಆಗ ಒಂದು ವಿಚಿತ್ರ ಗಮನಕ್ಕೆ ಬಂತು. ಅಪ್ಪ ಯಾವಾಗಲೂ ಕರಿ ಎರಡರ ಮೇಲೆ ಬಾರಿಸುವವನು. ನಮ್ಮ ಮೇಳದ ದನಿಗಳಿಗೆ ಕೂಡುವ ಮನೆ ಅದೇ. ಆದರೆ ಅವನ ಬೆರಳು ಅಲ್ಲಿರಲಿಲ್ಲ. ಬಿಳಿ ಎರಡಕ್ಕೆ ಇಳಿದಿತ್ತು. ಆ ಪದ ಮುಗಿಯಿತು. ಸಾಲಿಯಲ್ಲಿ ಹೊಸ ಸಿನಿಮಾ ಹಾಡು ಶುರುವಾಯಿತು. ಅಪ್ಪ ಕತ್ತು ಸ್ವಲ್ಪ ಓರೆ ಮಾಡಿ ಆ ಕಡೆ ಕಿವಿಗೊಟ್ಟ. ಎರಡು ಮೂರು ಮನೆ ಒತ್ತಿ ನೋಡಿದ. ಬಿಳಿ ಮೂರರ ಮೇಲೆ ಬೆರಳು ನಿಲ್ಲಿಸಿ, “ಹೂಂ, ಎತ್ತು” ಅಂದ. ಮೇಳ ಆ ಸುರದ ಮೇಲೆಯೇ ಮುಂದಿನ ಪದ ಎತ್ತಿತು.

ನಾನು ತಪ್ಪು ನೋಡಿದೆನೇನೋ ಅಂದುಕೊಂಡೆ. ಇನ್ನೆರಡು ಪದ ಕಾದೆ. ಪ್ರತಿ ಸಲ ಹಾಗೇ. ಸಾಲಿಯ ಹಾಡು ಮನೆ ಬದಲಿಸಿದರೆ ಗುಡಿಯ ಭಜನೆಯೂ ಮನೆ ಬದಲಿಸುತ್ತಿತ್ತು.

ಚಾದ ಹೊತ್ತಿನಲ್ಲಿ ಕೇಳಿದೆ. “ಅಪ್ಪಾ, ಕರಿ ಎರಡು ಯಾಕ ಬಿಟ್ಟಿ?”

ಅಪ್ಪ ಬಸಿಯಲ್ಲಿ ಚಾ ಊದುತ್ತ ಹೇಳಿದ. “ಅವರ ಸುರ ನಮ್ಮ ಹುಡುಗರ ಕಿವ್ಯಾಗ ಹೊಕ್ಕುಬಿಡ್ತದ. ನಾ ನನ್ನ ಸುರ ಹಿಡಕೊಂಡು ಕುಂತ್ರ ಇವರು ಅತ್ಲಾಗೂ ಅಲ್ಲ, ಇತ್ಲಾಗೂ ಅಲ್ಲ, ನಡುವ ಜಾರ್ತಾರ. ಜಗಳಾಡಿ ಏನ್ ಮಾಡೂದು? ಅವರ ಸುರಕ್ಕೇ ಹೋಗಿಬಿಟ್ರ ಅವರು ನಮಗ ಶ್ರುತಿಪೆಟಗಿ ಬಾರಿಸಿದಂಗ ಆಯ್ತು.”

ಹೇಳಿ ನಕ್ಕ. ಪಕ್ಕದ ದಮ್ಮಡಿ ಮುತ್ಯಾನೂ ನಕ್ಕ. “ಐವತ್ತು ಸಾವಿರದ ಶ್ರುತಿಪೆಟಗಿ!” ಅಂದ. ಆ ಐವತ್ತರಲ್ಲಿ ಹತ್ತು ನನ್ನದು ಅನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಫ್ಲೆಕ್ಸು ಗುಡಿಯ ಎದುರಿಗೇ ಇತ್ತಲ್ಲ. ಯಾರೂ ಅದನ್ನು ಆಡಿ ತೋರಿಸಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ನಾನು ಕೋಟ್ ಹಾಕಿಕೊಂಡು ಗೋಡೆಯ ಮೇಲೆ ನಗುತ್ತಿದ್ದೆ, ನನ್ನ ದುಡ್ಡಿನ ಸದ್ದಿನ ಕೆಳಗೆ ನಮ್ಮಪ್ಪ ತನ್ನ ಸುರ ಬಿಟ್ಟು ಇನ್ನೊಬ್ಬರ ಸುರ ಹುಡುಕುತ್ತಿದ್ದ. ಬೈದರೆ ಉತ್ತರ ಕೊಡಬಹುದು, ಅವನು ನಕ್ಕುಬಿಟ್ಟಿದ್ದ.

“ಕಾಕಾಗ ಹೇಳಿ ಸೌಂಡ್ ಸಣ್ಣ ಮಾಡಸ್ಲೇನು?” ಅಂದೆ.

“ಬ್ಯಾಡ ಬಿಡು. ಎರಡು ವರ್ಷದ ಮ್ಯಾಲ ಹುಡುಗರು ಕುಣ್ಯಾಕತ್ತಾವ. ಅವರಿಗೂ ಹೊಟ್ಟಿ ಅದ.”

ಹುಡುಗರಿಗೆ ಅಂದನೋ ಆರ್ಕೆಸ್ಟ್ರಾದವರಿಗೆ ಅಂದನೋ ತಿಳಿಯಲಿಲ್ಲ.

*

ರಸಮಂಜರಿ ಎರಡೂವರೆಗೆ ಮುಗಿಯಿತು. ಮುಗಿದದ್ದು ಕಿವಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಮೊದಲು ಜನರೇಟರಿನ ಸದ್ದು ಕೇಳಿತು, ಅದೂ ನಿಂತ ಮೇಲೆ ನಾಯಿ ಬೊಗಳುವುದು, ಆಮೇಲೆ ಬೇವಿನ ಮರ. ಎಲ್ಲದರ ಕೆಳಗೆ ಭಜನೆ ನಡೆದೇ ಇತ್ತು. ಅಪ್ಪನ ಬೆರಳು ಯಾವಾಗಲೋ ಕರಿ ಎರಡಕ್ಕೆ ವಾಪಸು ಬಂದಿತ್ತು.

ಮೂರರ ಸುಮಾರಿಗೆ ಒಬ್ಬ ಹುಡುಗ ಚಪ್ಪಲಿ ಕಳಚಿಟ್ಟು ಕಟ್ಟೆಯ ಅಂಚಿಗೆ ಬಂದು ಕೂತ. ಮಿರಿಮಿರಿ ಅನ್ನುವ ಅಂಗಿ ನೋಡಿ ಗುರುತು ಹತ್ತಿತು. ಸ್ಟೇಜಿನ ಮೇಲೆ ಪ್ಯಾಡ್ ಬಾರಿಸುತ್ತಿದ್ದವನು. ಅವರ ಗಾಡಿ ಲೋಡಾಗಲು ಇನ್ನೂ ತಾಸು ಬೇಕಂತೆ. ಶಹಾಪುರ ಕಡೆಯ ಹಳ್ಳಿಯವನು. ಒಂದು ಪದ ಕೇಳಿದ. ಎರಡನೇ ಪದಕ್ಕೆ ಅವನ ಬೆರಳು ತೊಡೆಯ ಮೇಲೆ ಆಡತೊಡಗಿದವು. ತಬಲಾದವನು ನಮ್ಮ ಕಡೆಯ ಅಣ್ಣ, ಸಂಜೆ ಎಂಟರಿಂದ ಬಾರಿಸಿ ಕೈ ಬಾತಿತ್ತು. ಏನೂ ಮಾತಾಡದೆ ಡಗ್ಗಾ, ತಬಲಾ ಎರಡನ್ನೂ ಹುಡುಗನ ಕಡೆ ಸರಿಸಿದ.

ಅವನು ಬಾರಿಸಿದ. ನಾನು ಸಂಗೀತ ಕಲಿತವನಲ್ಲ, ತಾಳ ಕೆಳಗಿಟ್ಟು ಓಡಿಹೋದವನು. ಹೇಗೆ ಬಾರಿಸಿದ ಅಂತ ವಿವರಿಸಲು ಬರುವುದಿಲ್ಲ. ಇಷ್ಟು ಹೇಳಬಲ್ಲೆ. ಅರ್ಧ ಗಂಟೆಯ ನಂತರ ಅಪ್ಪ ಪೇಟಿ ಬಾರಿಸುತ್ತ ತಿರುಗಿ ಕೂತಿದ್ದ, ಮುಖ ದೇವರ ಕಡೆ ಇರಲಿಲ್ಲ, ಹುಡುಗನ ಕಡೆ ಇತ್ತು. ಇಬ್ಬರೂ ಒಬ್ಬರ ಕೈ ಒಬ್ಬರು ನೋಡುತ್ತಿದ್ದರು. ಒಂದು ಕಡೆ ಹುಡುಗ ಎಡಗೈಯ ಏಟನ್ನು ತಡೆದು ನಿಲ್ಲಿಸಿದ, ಅಪ್ಪ ಆ ಖಾಲಿ ಜಾಗದಲ್ಲಿ ಒಂದು ಸಣ್ಣ ಸುರ ಇಟ್ಟ, ಇಬ್ಬರೂ ಒಟ್ಟಿಗೆ ತಲೆ ಹಾಕಿದರು. ಕೇಳುತ್ತಿದ್ದವರು ನಾವು ಒಂಬತ್ತು ಜನ. ಅದರಲ್ಲಿ ಮೂವರು ನಿದ್ದೆಯಲ್ಲಿದ್ದರು.

ಮುಗಿದ ಮೇಲೆ ಅಪ್ಪ ಕೇಳಿದ. “ಎಲ್ಲಿ ಕಲತಿ ತಮ್ಮಾ?”

“ನಮ್ಮ ಮುತ್ಯಾನ ಭಜನ್ಯಾಗರಿ. ಸಣ್ಣಾವ ಇದ್ದಾಗಿಂದ.”

“ಮತ್ತ ಪ್ಯಾಡು?”

“ಅದು ಹೊಟ್ಟಿಗಿರಿ. ಎರಡು ವರ್ಷ ಜಾತ್ರಿ ಇಲ್ಲ, ಮದುವಿ ಇಲ್ಲ. ಪ್ಯಾಡ್ ಮಾರಿ ಟಂಟಂ ಓಡಸ್ದೆ. ಈ ವರ್ಷ ಸಾಲ ಮಾಡಿ ಮತ್ತ ತಗೊಂಡೀನಿ.” ಸ್ವಲ್ಪ ಹೊತ್ತು ಬಿಟ್ಟು, ಯಾರೂ ಕೇಳದಿದ್ದರೂ, ಅವನೇ ಅಂದ: “ಅಲ್ಲಿ ನನ್ನ ಕೈ ನನಗ ಕೇಳಂಗಿಲ್ರಿ. ಅಷ್ಟು ಸೌಂಡಿನ್ಯಾಗ ಸುಮ್ನ ಲೆಕ್ಕದ ಮ್ಯಾಲ ಬಾರಸ್ತೀನಿ. ಇಲ್ಲಿ ಕೇಳ್ತು.”

ಅಪ್ಪನಿಗೆ ತನ್ನ ಸುರ ಕೇಳದ ಹಾಗೆ ಮಾಡಿದ ಸದ್ದಿನ ಒಳಗೇ ಕೂತಿದ್ದ ಹುಡುಗನಿಗೆ ತನ್ನ ಕೈ ಕೇಳುತ್ತಿರಲಿಲ್ಲ. ಇಡೀ ರಾತ್ರಿ ನಾನು ಈ ಇಬ್ಬರನ್ನು ಎದುರಾಳಿಗಳು ಅಂದುಕೊಂಡು ಕೂತಿದ್ದೆ. ಕುಣಿಯುವವರಿಗೆ ಎದೆಯಲ್ಲಿ ಬಡಿಯುವ ಏಟು ಬೇಕು, ಅದನ್ನು ನಾನೂ ಅರಮನೆ ಮೈದಾನದಲ್ಲಿ ಉಂಡವನು, ಅದರ ಋಣ ನನ್ನ ಮೇಲಿದೆ. ಆದರೆ ಹಾಡುವವರು ಒಬ್ಬರಿಗೊಬ್ಬರು ಕೇಳಿಸಿಕೊಳ್ಳುವುದನ್ನು ಪಕ್ಕದಲ್ಲಿ ಕೂತು ಕೇಳುವುದೇ ಬೇರೆ. ಅದಕ್ಕೆ ಪಟ್ಟಿ ಬೇಡ, ಬಾಕ್ಸು ಬೇಡ. ಇನ್ನೂರು ಹೆಜ್ಜೆಯ ಮೌನ ಬೇಕು. ನಮ್ಮೂರಲ್ಲಿ ಸದ್ದಿಗಾಗಿ ದುಡ್ಡು ಕೊಡಲು ಜನ ಇದ್ದಾರೆ, ಆ ಮೌನಕ್ಕೆ ಯಾರ ಹೆಸರಲ್ಲಿ ಚೀಟಿ ಬರೆಯುವುದು?

ಹೊರಗೆ ಗಾಡಿಯ ಹಾರ್ನ್ ಆಯಿತು. ಹುಡುಗ ಅಪ್ಪನ ಕಾಲು ಮುಟ್ಟಿ, ಹನುಮಪ್ಪನ ಅಂಗಾರ ಹಚ್ಚಿಕೊಂಡು ಹೋದ.

*

ಮರುವರ್ಷದ ಜಾತ್ರೆ 2023ರ ಏಪ್ರಿಲ್ ಮೊದಲ ವಾರ. ವಿಧಾನಸಭೆ ಚುನಾವಣೆ ಘೋಷಣೆಯಾಗಿ ನೀತಿಸಂಹಿತೆ ಬಂದಿತ್ತು. ಅಲ್ಲದೆ ಹಿಂದಿನ ಮೇ ತಿಂಗಳಲ್ಲೇ ಸರ್ಕಾರ ಧ್ವನಿವರ್ಧಕದ ಆದೇಶ ಹೊರಡಿಸಿತ್ತು. ನಿಯಮ ಹೊಸದಲ್ಲ, 2000ದ ಶಬ್ದಮಾಲಿನ್ಯ ನಿಯಮದಲ್ಲೇ ಇದೆ: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಲೌಡ್‌ಸ್ಪೀಕರ್ ಹಚ್ಚುವಂತಿಲ್ಲ. ಹಬ್ಬ, ಉತ್ಸವಕ್ಕೆ ಸರ್ಕಾರ ವಿನಾಯಿತಿ ಕೊಟ್ಟರೂ ಹನ್ನೆರಡರವರೆಗೆ ಮಾತ್ರ, ಅದೂ ವರ್ಷಕ್ಕೆ ಒಟ್ಟು 15 ದಿನ ಮೀರುವಂತಿಲ್ಲ. ಇಪ್ಪತ್ತೆರಡು ವರ್ಷ ನಮ್ಮೂರ ತನಕ ನಡೆದು ಬರದ ನಿಯಮ ಚುನಾವಣೆಯ ವರ್ಷ ಜೀಪಿನಲ್ಲಿ ಬಂತು. ಹತ್ತಕ್ಕೆ ಬಂದ್ ಮಾಡುವುದಾದರೆ ಮಾತ್ರ ರಸಮಂಜರಿ ಅಂತಾಯಿತು.

ಕಾಕಾ ಫೋನಿನಲ್ಲಿ ಗೋಳಾಡಿದ. “ಏಳಕ್ಕ ಶುರು ಮಾಡಿ ಹತ್ತಕ್ಕ ಮುಗಸಬೇಕಂತ. ಇದೇನ್ ರಸಮಂಜರಿನೋ ಟ್ಯೂಷನ್ನೋ? ಅದಿರಲಿ, ಎಷ್ಟು ಬರೀಲಿ?”

“ಹೋದ ವರ್ಷದಷ್ಟೇ ಬರಿ. ಫೋಟೋ ಬ್ಯಾಡ. ಒಂದು ಮಾತು ನಡಸಿಕೊಡು. ಬಾಕ್ಸಿನ ಮುಖ ಹೊಲದ ಕಡಿ ತಿರುಗಸ್ರಿ. ಮತ್ತ ಗುಡಿ ಕಟ್ಟಿ ಮ್ಯಾಲ ಮುಂದಿನ ಸಾಲು ಹೆಣ್ಮಕ್ಕಳಿಗಿ ಬಿಡ್ರಿ.”

“ಹತ್ತು ಸಾವಿರಕ್ಕ ಎರಡು ಮಾತು ಆಯ್ತಲ್ಲೋ” ಅಂದ ಕಾಕಾ. ಆದರೂ ಎರಡನ್ನೂ ನಡೆಸಿಕೊಟ್ಟ. ಒಂದು ಬದಿಯ ಬಾಕ್ಸು ಮಾತ್ರ ಹೊಲದ ಕಡೆ ತಿರುಗಿತ್ತು, ಇನ್ನೊಂದು ಊರ ಕಡೆಗೇ ಇತ್ತು. ಅರ್ಧ ಗೆಲುವು ಅನ್ನಿ.

ಹತ್ತಕ್ಕೆ ಸರಿಯಾಗಿ ಸಾಲಿ ಮೈದಾನ ಸುಮ್ಮನಾಯಿತು. ಅವ್ವ ಮತ್ತು ಅವಳ ಗೆಳತಿಯರು ತಾಡಪಾಲು ಮಡಚಿಕೊಂಡು, ಇನ್ನೂ ನಿದ್ದೆ ಬಂದಿಲ್ಲ ನೋಡಮ್ ಅಂತ ಗುಡಿಗೆ ಬಂದು ಮುಂದೆಯೇ ಕೂತರು. ಎಷ್ಟು ಹೊತ್ತು ಕೂಡುತ್ತಾರೋ ಅಂತ ನನಗೆ ಅನುಮಾನ ಇತ್ತು. ಇಬ್ಬರು ಅಲ್ಲೇ ನಿದ್ದೆ ಹೋದರು, ಉಳಿದವರು ಎದ್ದು ಹೋಗಲಿಲ್ಲ. ಪ್ಯಾಡ್ ಹುಡುಗ ಆ ವರ್ಷ ಬಂದಿರಲಿಲ್ಲ, ಬೇರೆ ಪಾರ್ಟಿ ಕರೆಸಿದ್ದರು. ತಾಳ ಹಾಕುವವನೊಬ್ಬ ಬೆಂಗಳೂರಿಂದ ಬರಲು ರಜೆ ಸಿಗದೆ ಜಾಗ ಖಾಲಿ ಇತ್ತು. ಅಪ್ಪ ನನ್ನ ಕಡೆ ನೋಡದೆಯೇ ತಾಳದ ಜೋಡಿಯನ್ನು ನನ್ನ ಮುಂದೆ ಇಟ್ಟ.

ಆಮೇಲೆ ಪೇಟಿಯ ಮುಚ್ಚಳ ತೆಗೆದು, ಕರಿ ಎರಡರ ಮೇಲೆ ಬೆರಳಿಟ್ಟು, ತಿದಿ ಒತ್ತಿದ. ಸುರದ ಜೊತೆಗೆ ಸುಸ್ ಅಂತ ಇನ್ನೊಂದು ಸದ್ದು ಬಂತು. ಅಪ್ಪ ಬೆರಳು ತೆಗೆದ. ಬರೀ ತಿದಿ ಒತ್ತಿದ. ಮತ್ತೆ ಸುಸ್.

“ತಿದಿ ಹರದದಲ್ಲೋ” ಅಂದ. “ಯಾವಾಗಿಂದ ಹರದಿತ್ತೇನೋ. ಇವತ್ತ ಕೇಳ್ತು ನೋಡು.”

ಮುಂದಿನ ಪಟ್ಟಿಯಲ್ಲಿ ನನ್ನ ಹೆಸರಿಗೆ ಆ ತಿದಿ ಬರೆಸಿದ್ದೇನೆ.